ಕೌದಿಯ ಹೊಟ್ಟೆ

ಮನುಷ್ಯರನ್ನು ಬಿಟ್ಟು ಬೇರೇನೂ ಗೇಟು ದಾಟಿ ಹೊರಗೆ ಹೋಗಬಾರದು ಎಂಬುದು ಆ ಮನೆಯ ಕಾನೂನು. ನಾನು ಹೆಂಡತಿಯನ್ನು ಕರೆದುಕೊಂಡು ಬಾಗಲಕೋಟೆಯ ವಿದ್ಯಾಗಿರಿಗೆ ಬಾಡಿಗೆಗೆ ಬಂದ ಮರುದಿನವೇ ಅದು ಗೊತ್ತಾಯಿತು. ಸಾಮಾನು ಸುತ್ತಿ ತಂದಿದ್ದ ಹಳೆ ಪೇಪರು, ಹಗ್ಗ, ದಾರಿಯಲ್ಲಿ ಒಡೆದ ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಹೊರಟಿದ್ದೆ. ಗೇಟಿನ ಪಕ್ಕದ ಕಟ್ಟೆಯ ಮೇಲೆ ಬೇವಿನಕಡ್ಡಿ ಜಗಿಯುತ್ತ ಕುಳಿತಿದ್ದ ಮನೆಯ ಯಜಮಾನಿ ಕೈ ಅಡ್ಡ ಹಿಡಿದಳು.

"ಎಲ್ಲಿಗ್ರಿ ಮಾಸ್ತರ, ಗಂಟು ಹೊತ್ಕೊಂಡು?"

"ಕಸಾ ರೀ. ಒಗದು ಬರ್ತೇನಿ."

"ಎಲ್ಲಿ ಒಗೀತೀರಿ?"

"ಅಲ್ಲೆ, ಆಚಿಗೆ."

"ಆಚಿಗೂ ಯಾರರೆ ಇರ್ತಾರಲ್ರಿ. ತರ್ರಿ ಇಲ್ಲೆ."

ನೋಡನೋಡುತ್ತಿದ್ದಂತೆ ನನ್ನ ಕಸ ಕಸವಾಗಿ ಉಳಿಯಲಿಲ್ಲ. ಹಗ್ಗ ಹೀರೆ ಬಳ್ಳಿಗೆ ಹೋಯಿತು, ಪೇಪರು ಬಚ್ಚಲ ಒಲೆಯ ಪಕ್ಕಕ್ಕೆ ಹೋಯಿತು, ಜಾಡಿಯ ಚೂರುಗಳು ತುಳಸಿ ಕುಂಡದ ತಳಕ್ಕೆ ಹೋದವು. ಕೊನೆಗೆ ನನ್ನ ಕೈಯಲ್ಲಿ ಖಾಲಿ ಚೀಲ ಉಳಿದಿತ್ತು. ಅದನ್ನೂ ಇಸಿದುಕೊಂಡಳು.

ಓಣಿಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾವೂ ಆಯಿ ಅಂದೆವು. ಹೆಸರು ಬೇರೆ ಇತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, "ಇಷ್ಟಕ್ಕ ಯಾಕ ಕಾಗದ ಹಾಳ ಮಾಡಿದ್ರಿ?" ಅನ್ನುವವಳು ಆಕೆ. ಮನೆಯ ಮುಂದಿನ ಭಾಗದಲ್ಲಿ ಆಯಿ, ಮಗ, ಸೊಸೆ ಇದ್ದರು. ಹಿಂದಿನ ಎರಡು ಕೋಣೆ ನಮ್ಮವು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆಲಮಟ್ಟಿಯ ಹಿನ್ನೀರು ಹಳೆ ಬಾಗಲಕೋಟೆಗೆ ಏರಿಬರುವುದಿತ್ತು. ಆಯಿಯ ಸಂಸಾರ ಹೊಳೆಯ ಕಡೆಯ ಓಣಿಯಲ್ಲಿದ್ದ ಮನೆಯನ್ನು ಬಿಚ್ಚಿ, ಬಾಗಿಲು, ಕಿಟಕಿ, ತೊಲೆಗಳನ್ನೆಲ್ಲ ಹೇರಿಕೊಂಡು ಬಂದು ಇಲ್ಲಿ ಕಟ್ಟಿಕೊಂಡಿತ್ತು. ಯಾವ ಬಾಗಿಲು ಎಲ್ಲಿ ಕೂಡುತ್ತದೋ ಅಲ್ಲಿ ಕೂಡಿಸಿದ್ದರು. ನಮ್ಮ ಮುಂಬಾಗಿಲಿಗೆ ಬಂದದ್ದು ಹಳೆ ಅಡುಗೆಮನೆಯ ಗಿಡ್ಡ ಬಾಗಿಲು, ಬಚ್ಚಲಿಗೆ ಬಂದದ್ದು ಹೂಬಳ್ಳಿ ಕೆತ್ತಿದ ದೊಡ್ಡ ತಲಬಾಗಿಲು. ತಲೆ ಬಗ್ಗಿಸಿ ಕಳ್ಳನ ಹಾಗೆ ಮನೆಯೊಳಗೆ ಬರುತ್ತಿದ್ದೆ, ಎದೆ ಸೆಟೆಸಿ ಸರದಾರನ ಹಾಗೆ ಸ್ನಾನಕ್ಕೆ ಹೋಗುತ್ತಿದ್ದೆ.

ಆ ಬಚ್ಚಲಿನ ನೀರು ಗಟಾರ ಕಂಡದ್ದೇ ಇಲ್ಲ. ಕಲ್ಲು ಹಾಸಿದ ಒಂದು ಸಣ್ಣ ಕಾಲುವೆಯಲ್ಲಿ ಹರಿದು ಅಂಗಳದ ಬಾಳೆಯ ಬುಡ ಸೇರುತ್ತಿತ್ತು, ಮಿಕ್ಕದ್ದು ನುಗ್ಗೆಗೆ ಹೋಗುತ್ತಿತ್ತು. ನಾನು ಸ್ನಾನ ಮುಗಿಸಿ ಬಂದರೆ ಆಯಿ ನನ್ನನ್ನು ನೋಡುತ್ತಿರಲಿಲ್ಲ, ಬಾಳೆಯನ್ನು ನೋಡುತ್ತಿದ್ದಳು. "ಮಾಸ್ತರ, ಇವತ್ತ ಸಾಬಾಣ ಭಾಳ ಆತು. ಬಾಳಿ ಮಾರಿ ಸಣ್ಣ ಮಾಡೇತಿ ನೋಡ್ರಿ." ಸ್ವಂತ ಅತ್ತೆಗೂ ಹೆದರದ ನಾನು ಒಂದು ಬಾಳೆಗಿಡಕ್ಕೆ ಹೆದರಿ ಸಾಬೂನು ಕಡಿಮೆ ಮಾಡಿದೆ. ನೀರು ಕಾಯಿಸುವುದಕ್ಕೆ ಮಾಳಿಗೆಯ ಮೇಲೆ ಮಸಿ ಹಿಡಿದ ಒಂದು ಹಂಡೆ ಇತ್ತು. ಬೆಳಿಗ್ಗೆ ತುಂಬಿಟ್ಟರೆ ಮಧ್ಯಾಹ್ನಕ್ಕೆ ಕೈ ಇಡಲಾಗದಷ್ಟು ಸುಡುತ್ತಿತ್ತು. ನಾನು ಬೆಳಗಿನ ಸ್ನಾನಕ್ಕೆ ಒಲೆ ಹಚ್ಚಿದರೆ ಆಕೆಯ ಹೊಟ್ಟೆಯೇ ಉರಿಯುತ್ತಿತ್ತು. "ಸೂರ್ಯಪ್ಪ ಪುಕಟ ಕಾಸಿ ಕೊಡ್ತೇನಿ ಅಂತ ನೆತ್ತಿ ಮ್ಯಾಲೆ ನಿಂತಾನ, ನೀವು ಕಟ್ಟಿಗಿ ಸುಡ್ತೀರಲ್ರಿ." ಬಾಗಲಕೋಟೆಯ ಬಿಸಿಲನ್ನು ಬೈಯದವರೆಂದು ನಾನು ಕಂಡದ್ದು ಆಕೆಯೊಬ್ಬಳನ್ನೇ.

ಹುನಗುಂದದ ಕಡೆಯವಳಾದ ನನ್ನ ಹೆಂಡತಿಗೆ ಇದೆಲ್ಲ ಹೊಸದೇನಲ್ಲ. ಆಕೆ ಬಂದ ವಾರದಲ್ಲೇ ಆಯಿಯ ಪಕ್ಷ ಸೇರಿದಳು. ಹಗಲು ಹೊತ್ತು ನಾನು ಲೈಟು ಹಾಕಿದರೆ ಅಂಗಳದಿಂದ ಒಂದು ದನಿ, ಅಡುಗೆಮನೆಯಿಂದ ಇನ್ನೊಂದು: "ಹಗಲಿಗೆ ದೀಪ ತೋರಸ್ತೀರೇನು?" ಸುಮ್ಮನೆ ಹೇಳಬಾರದು, ಆಯಿಯ ಜೊತೆ ಇರುವುದು ಸುಲಭವಾಗಿರಲಿಲ್ಲ. ನೆರೆಮನೆಯ ನಳ ತೊಟ್ಟಿಕ್ಕಿದರೆ ಗೋಡೆಯಾಚೆಯಿಂದಲೇ ಕೂಗುವಳು. ಆಕೆಯ ಸೊಸೆ, ಪಾಪ, ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನು ಆಯಿಯ ಕಣ್ಣಿಗೆ ಬೀಳದಂತೆ ಬಂಗಾರದ ಹಾಗೆ ಹಾಸಿಗೆಯಡಿ ಬಚ್ಚಿಡುತ್ತಿದ್ದಳು.

ಒಮ್ಮೆ ಕಾಲೇಜಿನಲ್ಲಿ ಸಸಿ ನೆಟ್ಟು, ಭಾಷಣ ಮಾಡಿ, ಕೊರಳಲ್ಲಿ ಹಾರ ಹಾಕಿಕೊಂಡೇ ಮನೆಗೆ ಬಂದೆ. ಆಯಿ ಏನೆಂದು ಕೇಳಿದಳು.

"ಇವತ್ತ ಪರಿಸರ ದಿನ, ಆಯಿ."

"ಹೌದಾ? ಹಂಗಾರ ನಾಳಿಗೆ?"

ಅಣಕಿಸಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ನಾನು ಹಾರ ತೆಗೆದು ಕೊಟ್ಟೆ. ಅದರ ಚೆಂಡುಹೂಗಳನ್ನು ಒಣಗಿಸಿ ಬೀಜ ಮಾಡಿದಳು. ಮುಂದಿನ ದಸರೆಗೆ ಓಣಿಯ ಎಲ್ಲ ಬಾಗಿಲುಗಳಿಗೂ ನನ್ನ ಭಾಷಣದ ಹೂವುಗಳೇ.

ಇನ್ನೊಮ್ಮೆ ಮೊಣಕಾಲಲ್ಲಿ ಹರಿದ ನನ್ನ ಪ್ಯಾಂಟನ್ನು ಕೇಳಿ ತೆಗೆದುಕೊಂಡು ಹೋದಳು. ಎರಡು ದಿನಕ್ಕೆ ಅದು ಸಂತೆಯ ಚೀಲವಾಗಿ ಬಂತು, ಜೇಬು ಸಮೇತ. ಜೇಬು ಯಾಕೆ ಬಿಟ್ಟಳೆಂದರೆ, "ಚಿಲ್ಲರ ಇಟ್ಕೊಳ್ಳಾಕ." ಸಂತೆಯಲ್ಲಿ ನನ್ನ ವಿದ್ಯಾರ್ಥಿಗಳು ಸಿಕ್ಕರು. ಒಬ್ಬ ಚೀಲ ನೋಡಿದ, ಇನ್ನೊಬ್ಬನನ್ನು ತಿವಿದ. ವರ್ಷವಿಡೀ ಕರಿಹಲಗೆಯ ಮುಂದೆ ಕಂಡಿದ್ದ ಬೂದು ಗೆರೆಯ ಪ್ಯಾಂಟನ್ನು ಗುರುತಿಸದಷ್ಟು ದಡ್ಡರೇನೂ ಆಗಿರಲಿಲ್ಲ ಅವರು. ಮನೆಗೆ ಬಂದು ಸಿಟ್ಟು ಮಾಡಿದೆ. ಆಯಿ ಸಾವಕಾಶ ಕೇಳಿದಳು, "ಬದನೀಕಾಯಿ ಬಿದ್ದುವೇನ್ರಿ?" ಬಿದ್ದಿರಲಿಲ್ಲ. "ಮತ್ತ?" ಅಂದಳು, ಒಳಗೆ ಹೋದಳು.

ಬಾದಾಮಿ ಕಡೆಯ ಒಂದು ಮದುವೆಗೆ ಆಕೆಯನ್ನು ಕರೆದುಕೊಂಡು ಹೋಗಿ ಬರುವಾಗ ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯಬೇಕಾಯಿತು. ಆಗಷ್ಟೇ ಚಹದಂಗಡಿಗಳಿಗೆ ತೆಳ್ಳನೆಯ ಪ್ಲಾಸ್ಟಿಕ್ ಕಪ್ಪುಗಳು ಬಂದಿದ್ದವು. ಕಾಲಿಟ್ಟಲ್ಲೆಲ್ಲ ಕರಕರ ಅನ್ನುತ್ತಿದ್ದವು. ಆಯಿ ಕೈಚೀಲದಿಂದ ತನ್ನ ಹಿತ್ತಾಳೆ ಲೋಟ ತೆಗೆದು ಚಾಚಿದಳು.

ಅಂಗಡಿಯವನು ನಕ್ಕ. "ಯಾಕವಾ ಆಯಿ, ನಮ್ಮ ಕಪ್ಪಿಗೆ ಏನಾಗೇತಿ?"

"ಏನೂ ಆಗಿಲ್ಲ ತಮ್ಮಾ. ಅದಕ್ಕs ನಂಗ ಚಿಂತಿ. ನಾ ಸತ್ತ ಮ್ಯಾಲೂ ಅದಕ್ಕೇನೂ ಆಗಂಗಿಲ್ಲ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಲೋಟದ ತುಂಬ ಚಹ ಹಾಕಿದ. ಆಕೆ ಹೋಗಿ ಇಷ್ಟು ವರ್ಷವಾಯಿತು. ಆ ಕ್ರಾಸಿನಲ್ಲಿ ಬಸ್ಸು ನಿಂತಾಗಲೆಲ್ಲ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತದೆ. ಅವತ್ತಿನ ಕಪ್ಪುಗಳು ಎಲ್ಲೋ ಮಣ್ಣಲ್ಲಿ ಹಾಗೇ ಇರುತ್ತವೆ, ಆಯಿ ಇಲ್ಲ. ಈ ಅನ್ಯಾಯವನ್ನು ಯಾರಿಗೆ ಹೇಳಲಿ?

ಆಯಿ ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಅಪ್ಪನ ಮಗ್ಗದ ಪಕ್ಕದಲ್ಲೇ ಬೆಳೆದವಳು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಸಣ್ಣ ಹುಡುಗಿಯಾಗಿದ್ದಾಗ ಆ ಕೊಂಡಿ ಹಾಕುವ ಕೆಲಸಕ್ಕೆ ಕೂಡುತ್ತಿದ್ದಳಂತೆ. "ಎಳಿ ಹರದ್ರ ನಮ್ಮಪ್ಪ ಗಂಟ ಹಾಕ್ತಿದ್ದ. ಹರೀತಂತ ಸೀರಿ ಒಗದಾನೇನು?" ಎಂದು ಮಾತು ಮಾತಿಗೆ ಹೇಳುವಳು. ಬಹುಶಃ ಆಕೆಯ ಎಲ್ಲ ಅಭ್ಯಾಸಗಳ ಬೇರು ಆ ಮಗ್ಗದ ಕುಣಿಯಲ್ಲೇ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ಆಯಿ ಪಡಸಾಲೆಯಲ್ಲಿ ಒಂದು ಕೌದಿ ಹರವಿಕೊಂಡು ಕೂಡುತ್ತಿದ್ದಳು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಣ್ಣ ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಈ ಕೌದಿ ಒಂದು ಮನೆಯದಾಗಿರಲಿಲ್ಲ. ಹಳೆ ಬಾಗಲಕೋಟೆಯ ಓಣಿ ಖಾಲಿಯಾಗುವಾಗ ಆಯಿ ಮನೆಮನೆಗೆ ಹೋಗಿ ಒಂದೊಂದು ಉಟ್ಟ ಸೀರೆ ಬೇಡಿ ತಂದಿದ್ದಳು. ಓಣಿಯವರು ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಚೆಲ್ಲಿಹೋಗಿದ್ದರು. "ಓಣಿ ಅಂತೂ ನೀರಾಗ ಹೋತು. ಇಲ್ಲೆರ ಎಲ್ಲಾರೂ ಬಾಜೂಕ ಬಾಜೂಕ ಇರ್ಲಿ," ಅನ್ನುತ್ತಿದ್ದಳು. ಯಾರ ಮನೆ ಯಾರ ಮನೆಯ ಪಕ್ಕ ಇತ್ತೋ ಅದೇ ಪ್ರಕಾರ ತುಂಡುಗಳನ್ನು ಜೋಡಿಸಿದ್ದಳು. ಬೆರಳಿಟ್ಟು ತೋರಿಸುವಳು: ಇದು ಬಳೆಗಾರರ ಮನೆ, ಇದು ತಿರುವು, ಇಲ್ಲಿ ಬೇವಿನ ಮರ.

ನಡುವೆ ಮಾತ್ರ ಒಂದು ಚೌಕ ತೆರೆದಿತ್ತು. ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ ಅಲ್ಲಿ ಒಂದು ರೊಟ್ಟಿಯ ತುಣುಕು ಇಟ್ಟು, ಮೇಲೆ ಕೊನೆಯ ತುಂಡು ಹೊಲಿಯಬೇಕು. "ಕೌದಿ ಉಪಾಸ ಇರಬಾರದು. ಅದರ ಹೊಟ್ಟಿ ತುಂಬಿಲ್ಲಂದ್ರ ಹೊಚ್ಚಿಕೊಂಡವರ ಥಂಡಿ ಹೋಗಂಗಿಲ್ಲ." ಹಳೆ ಓಣಿಯ ಹೆಂಗಸರನ್ನೆಲ್ಲ ಕರೆದು, ಊಟ ಹಾಕಿ, ಅವರ ಮುಂದೆ ಆ ಹೊಟ್ಟೆ ತುಂಬಬೇಕು ಎನ್ನುವುದೊಂದೇ ಆಯಿಯ ಆಸೆ. ಆದರೆ ಅದರ ಮೇಲೆ ಹೊಲಿಯಬೇಕಾದ ತುಂಡು ಇರಲಿಲ್ಲ.

ಆ ತುಂಡು ಗಂಗವ್ವನದು. ಹಳೆ ಓಣಿಯಲ್ಲಿ ಆಯಿಗೂ ಗಂಗವ್ವನಿಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಂಡಿ. ಮಜ್ಜಿಗೆ, ಕೆಂಡ, ಸುದ್ದಿ ಎಲ್ಲ ಅದರಲ್ಲೇ ಅತ್ತಿತ್ತ ಹೋಗುತ್ತಿದ್ದವು. ಇಬ್ಬರೂ ಹೊಸದಾಗಿ ಗಂಡನ ಮನೆಗೆ ಬಂದ ಕಾಲದಲ್ಲಿ ಆಯಿಯ ಅಪ್ಪ ಒಂದೇ ಹಾಸಿನಲ್ಲಿ ಎರಡು ದಾಳಿಂಬೆ ಬಣ್ಣದ ಸೀರೆ ನೇಯ್ದು ಇಬ್ಬರಿಗೂ ಕೊಟ್ಟಿದ್ದನಂತೆ. ಆಯಿಯ ಸೀರೆ ಆಗಲೇ ಕೌದಿಯ ಹೊಟ್ಟೆಯ ಸುತ್ತ ಕೂತಿತ್ತು. ಗಂಗವ್ವ ತನ್ನದನ್ನು ನವನಗರಕ್ಕೆ ಹೋಗಿ ಗಂಟು ಬಿಚ್ಚಿದ ಮೇಲೆ ಕೊಡುತ್ತೇನೆ ಅಂದಿದ್ದಳು.

ಗಂಗವ್ವನ ಹೊಸ ಮನೆಯ ನಳಕ್ಕೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದಾಗ ಹಿಡಿದಿಡಲು ಮನೆಯ ಕೊಡಗಳು ಸಾಲುತ್ತಿರಲಿಲ್ಲ. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗುತ್ತ ಬಂದಾಗ ಗಂಗವ್ವ ಒಂದಷ್ಟು ಬಟ್ಟೆ ಹಾಕಿ ದೊಡ್ಡದೊಂದು ಹಸಿರು ಪ್ಲಾಸ್ಟಿಕ್ ಬಕೆಟು ಇಸಿದುಕೊಂಡಳು. ದಾಳಿಂಬೆ ಸೀರೆಯೂ ಆ ಗಂಟಿನಲ್ಲೇ ಹೋಯಿತು. ಕೌದಿಗೆ ಬೇರೊಂದು ಸೀರೆ ಹಾಕಿದರಾಯಿತು, ಅದರಲ್ಲೇನು ಅಂದುಕೊಂಡಳು.

ಆಯಿಗೆ ಅದು ಅಷ್ಟೇ ಆಗಿರಲಿಲ್ಲ. "ಬಕೀಟಿನ ಸಲುವಾಗಿ ನಮ್ಮಪ್ಪನ ಕೈ ಮಾರಿದೆಲ್ಲಾ, ಗಂಗೀ," ಅಂದಳಂತೆ. ಗಂಗವ್ವನೂ ಸುಮ್ಮನಿರುವವಳಲ್ಲ. "ನಿಮ್ಮಪ್ಪನ ಸೀರಿ ಹಾಸಿದ್ರ ನಳದಾಗ ನೀರ ಬರ್ತೈತೇನು?" ಅಂದಳಂತೆ. ಮಾತು ಬಿಟ್ಟರು. ಗಂಟು ಹಾಕುವುದನ್ನು ಊರಿಗೆಲ್ಲ ಹೇಳುತ್ತಿದ್ದ ಆಯಿ ಈ ಒಂದು ಎಳೆಗೆ ಮಾತ್ರ ಗಂಟು ಹಾಕಲಿಲ್ಲ. ಮಧ್ಯಾಹ್ನ ಕೌದಿ ಹರವುವಳು, ಆಗಲೇ ಹೊಲಿದಿದ್ದ ಜಾಗದಲ್ಲೇ ಮತ್ತೆ ಹೊಲಿಗೆ ಹಾಕುವಳು, ನಡುವಿನ ಚೌಕದ ಮೇಲೆ ಅಂಗೈ ಇಟ್ಟು ಕೂಡುವಳು. ಎಷ್ಟು ಸಲ ನೋಡಿದ್ದೇನೆ ಅದನ್ನು. ಓಣಿ ಮುಳುಗಿದ ದುಃಖವನ್ನು ಆಕೆ ಎಂದೂ ಹೇಳಿಕೊಳ್ಳಲಿಲ್ಲ. ಅದೆಲ್ಲ ಆ ಅಂಗೈಯ ಕೆಳಗಿತ್ತು.

ಒಂದೆರಡು ಬೇಸಿಗೆ ಕಳೆದವು. ಒಂದು ಬೆಳಿಗ್ಗೆ ಗೇಟಿನ ಮುಂದೆ ಗಂಗವ್ವ ನಿಂತಿದ್ದಳು. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಬಿಸಿಲಿಗೆ ಬಿಳಚಿಕೊಂಡು ತಳ ಬಿರಿದ ಹಸಿರು ಬಕೆಟು.

"ಒಡದು ಹೋತವಾ ಇದು," ಅಂದಳು, ಯಾರ ಮುಖವನ್ನೂ ನೋಡದೆ. "ಸೀರಿನರ ಇದ್ದಿದ್ರ ಇನ್ನೂ ಇರ್ತಿತ್ತು. ಇದನ್ನ ಒಗಿಯಾಕ ಕೈ ಬರವಲ್ದು."

ಆಯಿ ಕಟ್ಟೆಯಿಂದ ಎದ್ದು ಬಂದು ಕೈ ಚಾಚಿದಳು. "ತಾ ಇಲ್ಲೆ," ಅಂದಳು. ತಿರುಗಿಸಿ ತಿರುಗಿಸಿ ನೋಡಿ, "ತೂತ ತಾನs ಬಿದ್ದೈತಿ. ನೀರ ಇಳಿಯಾಕ ಚಲೋ ಆತು," ಅಂದಳು. ಇಬ್ಬರೂ ಸೇರಿ ಮಣ್ಣು ತುಂಬಿದರು, ಹಿತ್ತಲಿನ ಕರಿಬೇವಿನ ಒಂದು ಮರಿ ತಂದು ನೆಟ್ಟರು. ಕ್ಷಮೆ ಕೇಳಿದ್ದೂ ಇಲ್ಲ, ಕೊಟ್ಟದ್ದೂ ಇಲ್ಲ. ಕೈ ತೊಳೆದ ನೀರನ್ನು ಆ ಗಿಡಕ್ಕೇ ಹಾಕಿ ಒಳಗೆ ಹೋಗಿ ಚಹ ಕುಡಿದರು. ನಾನು ಆ ದಿನ ಕಾಲೇಜಿಗೆ ತಡವಾಗಿ ಹೋದೆ, ಏನೋ ಹಬ್ಬ ಮುಗಿಸಿ ಬಂದವನ ಹಾಗೆ.

ಮುಂದಿನ ಸಲ ಬರುವಾಗ ಗಂಗವ್ವ ಒಂದು ಹೊಸ ಇಳಕಲ್ ಸೀರೆ ತಂದಳು, ಅದೇ ದಾಳಿಂಬೆ ಬಣ್ಣದ್ದು. ಆಯಿ ಸೆರಗನ್ನು ಬೆರಳಲ್ಲಿ ತಿಕ್ಕಿ ನೋಡಿ ವಾಪಸ್ಸು ಕೊಟ್ಟಳು.

"ಹೊಸಾ ಸೀರಿ ಕೌದಿಗೆ ಹಾಕ್ತಾರೇನ? ಚುಚ್ಚತೈತಿ. ಉಡು. ಉಟ್ಟು, ಒಗದು, ಮೆತ್ತಗ ಮಾಡ್ಕೊಂಡು ಬಾ."

"ಅಷ್ಟರಾಗ ನಾ ಇರ್ತೇನೋ ಇಲ್ಲೋ!"

"ನೀ ಇರ್ತಿ. ನಾ ಇರೂದ ಡೌಟ ಐತಿ. ಲಗೂನ ಉಟ್ಟು ಹರಿ."

ಅಲ್ಲಿಂದ ಶುರುವಾಯಿತು ಇಬ್ಬರು ಮುದುಕಿಯರ ಆ ವಿಚಿತ್ರ ಪಂದ್ಯ. ಗಂಗವ್ವ ಆ ಸೀರೆಯನ್ನು ಮನೆಯಲ್ಲಿ, ಸಂತೆಯಲ್ಲಿ, ರೊಟ್ಟಿ ಬಡಿಯುವಾಗ, ಎಲ್ಲ ಹೊತ್ತಿನಲ್ಲೂ ಉಟ್ಟಳು. ಹಬ್ಬಕ್ಕೆ ಸೊಸೆ ಬೇರೆ ಸೀರೆ ಕೊಟ್ಟರೂ ಒಲ್ಲೆನೆಂದಳು. ಸಿಟಿ ಬಸ್ಸು ಇಳಿದು ಬಂದು ಕಟ್ಟೆಯ ಮೇಲೆ ಕುಳಿತ ಕೂಡಲೆ ಸೆರಗು ಚಾಚುವಳು. ಆಯಿ ಕಣ್ಣು ಮುಚ್ಚಿ ಬೆರಳಲ್ಲಿ ತಿಕ್ಕುವಳು. "ಇನ್ನೂ ಮೆತ್ತಗಾಗಿಲ್ಲ." ಇಬ್ಬರೂ ನಗುವರು. ಗಟ್ಟಿ ಸೀರೆ ನೇಯ್ದ ತವರೂರಿನ ಮೇಲೆ ಆಯಿಗೆ ಒಳಗೊಳಗೇ ಅಭಿಮಾನ, ಹೊರಗೆ ಮಾತ್ರ ಬೈಗಳು: "ಏನ್ ನೇಯ್ತಾರವಾ ಇವ್ರು, ಹರಿಯೂದs ಇಲ್ಲಲ್ಲ!"

ಈ ನಡುವೆ ಆಯಿಯ ಕೈ ನಡುಗತೊಡಗಿತು. ಸೂಜಿಗೆ ದಾರ ಪೋಣಿಸುವುದು ನನ್ನ ಹೆಂಡತಿಯ ಕೆಲಸವಾಯಿತು, ಆಮೇಲೆ ಹೊಲಿಯುವುದೂ. ಹಾಸಿಗೆ ಹಿಡಿದ ಮೇಲೂ ಕಿಟಕಿಯಿಂದ ಬಾಳೆ ಕಾಣುವ ಹಾಗೆ ಮಂಚ ಹಾಕಿಸಿಕೊಂಡಳು. ನಾನು ಬಚ್ಚಲಿನಿಂದ ಬಂದರೆ, "ಇವತ್ತ ಚಲೋ ಐತ್ರಿ ಬಾಳಿ," ಎಂದು ಒಳಗಿಂದಲೇ ಹೇಳುವಳು. ಕೊನೆಯ ಸಲ ಗಂಗವ್ವ ಬಂದಾಗಲೂ ಸೆರಗು ಕೇಳಿದಳು. ತಿಕ್ಕಲು ಬೆರಳಲ್ಲಿ ಬಲವಿರಲಿಲ್ಲ, ಸುಮ್ಮನೆ ಹಿಡಿದುಕೊಂಡಳು. "ಆಗಾಕ ಬಂದೈತಿ," ಅಂದಳು. ಅದೇ ವಾರ ಹೋದಳು.

ಮನೆ ಇದ್ದ ಹಾಗೇ ಇತ್ತು. ಹಂಡೆ ಮಾಳಿಗೆಯ ಮೇಲೆ ಕಾಯುತ್ತಿತ್ತು, ನೀರು ಬಾಳೆಗೆ ಹರಿಯುತ್ತಿತ್ತು. ಹಗಲು ಲೈಟು ಹಾಕಿದರೆ ಬೈಯುವವರು ಇರಲಿಲ್ಲ, ಆದರೂ ನಾನು ಹಾಕಲಿಲ್ಲ. ಆಕೆಯ ಸೊಸೆ ಹಾಸಿಗೆಯಡಿಯ ಚೀಲಗಳನ್ನು ಹೊರಗೆ ತೆಗೆದಳು, ಒಂದನ್ನೂ ಬಳಸಲಾಗದೆ ಮತ್ತೆ ಅಲ್ಲೇ ಇಟ್ಟಳು. ಈಗ ನಾನಿರುವ ಸ್ವಂತ ಮನೆಯಲ್ಲಿ ಗುಂಡಿ ಒತ್ತಿದರೆ ಬಿಸಿನೀರು. ಮಿಂದ ನೀರು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿಲ್ಲ. ಸ್ನಾನ ಮುಗಿಸಿ ಬರುವಾಗ ಯಾವ ಗಿಡವೂ ನನ್ನ ದಾರಿ ನೋಡುತ್ತಿರುವುದಿಲ್ಲ. ಆಯಿಯ ನೆನಪು ಹೆಚ್ಚು ಕಾಡುವುದು ಆ ಹೊತ್ತಿನಲ್ಲೇ.

ಆಯಿ ಹೋದ ಮರುವರ್ಷ, ನಾವಿನ್ನೂ ಆ ಬಾಡಿಗೆ ಮನೆಯಲ್ಲಿದ್ದಾಗಲೇ, ಚಳಿ ಶುರುವಾಗುವ ಮೊದಲು, ಗಂಗವ್ವ ಬಂದಳು. ಓಣಿಯ ಹೆಂಗಸರನ್ನು ಸೆಕ್ಟರು ಸೆಕ್ಟರು ತಿರುಗಿ ತಾನೇ ಕೂಡಿಸಿಕೊಂಡು ಬಂದಿದ್ದಳು. ಮೈಮೇಲೆ ಬೇರೆ ಸೀರೆ. ದಾಳಿಂಬೆ ಸೀರೆ ಒಗೆದು ಮಡಿಚಿ ಕೈಯಲ್ಲಿತ್ತು, ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಪಡಸಾಲೆಯಲ್ಲಿ ಕೌದಿ ಹಾಸಿದರು. ಹೆಂಗಸರು ತಮ್ಮ ತಮ್ಮ ತುಂಡುಗಳನ್ನು ಹುಡುಕಿಕೊಂಡು, ಹಳೆ ಓಣಿಯಲ್ಲಿ ಕೂಡುತ್ತಿದ್ದ ಹಾಗೆಯೇ ಅದರ ಸುತ್ತ ಕುಳಿತರು. ನಡುವಿನ ಜಾಗಕ್ಕೆ ಬಂದಾಗ ಗಂಗವ್ವನ ಕೈ ನಿಂತಿತು. ಅತ್ತಿತ್ತ ನೋಡಿದಳು. ಸೀರೆ ಮುಟ್ಟಿ ಹೇಳುವವಳು ಇರಲಿಲ್ಲ. ಕೊನೆಗೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆಗೆ ಮಡಿಚಿದ ಸೀರೆಯ ಸೆರಗು ಚಾಚಿದಳು.

"ಮಾಸ್ತರ, ನೀವರ ನೋಡಿ ಹೇಳ್ರಿ. ಆಗೇತೇನು?"

ಬೆರಳಲ್ಲಿ ತಿಕ್ಕಿ ನೋಡಿದೆ. ಸೀರೆ ಎಂದೋ ಮೆತ್ತಗಾಗಿತ್ತು. ಆದರೂ ಇನ್ನೂ ಆಗಿಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಹಾಗಂದಿದ್ದರೆ ಗಂಗವ್ವ ಮತ್ತೆ ಮತ್ತೆ ಬರುತ್ತಿದ್ದಳು. ಆಯಿಯ ಒಂದು ಕೆಲಸ ಬಾಕಿ ಉಳಿಯುತ್ತಿತ್ತು. ಕೆಲಸ ಬಾಕಿ ಇರುವವರು ಪೂರ್ತಿ ಹೋದಂತಲ್ಲ ಎಂದು ನನ್ನ ಮನಸ್ಸು ಹಟ ಹಿಡಿದಿತ್ತು. ಅಷ್ಟರಲ್ಲಿ ನನ್ನ ಹೆಂಡತಿ ಮೆಲ್ಲಗೆ, "ಕೌದಿ ಭಾಳ ದಿನಾ ಉಪಾಸ ಐತ್ರಿ," ಅಂದಳು.

"ಆಗೇತ್ರಿ," ಅಂದೆ.

ಗಂಗವ್ವ ರೊಟ್ಟಿಯ ತುಣುಕೊಂದನ್ನು ಮುರಿದು ಎರಡು ಮಾಡಿದಳು. ಒಂದನ್ನು ಕೌದಿಯ ಹೊಟ್ಟೆಯಲ್ಲಿಟ್ಟಳು. ನನ್ನ ಹೆಂಡತಿ ದಾಳಿಂಬೆ ಸೀರೆಯ ಚೌಕ ಕತ್ತರಿಸಿ ಅದರ ಮೇಲೆ ಹೊಲಿಯುತ್ತ ಹೋದಳು. ಕೊನೆಯ ಹೊಲಿಗೆ ಬಿದ್ದಾಗ ಗಂಗವ್ವ ಎದ್ದು ಅಂಗಳಕ್ಕಿಳಿದಳು. ಹಸಿರು ಬಕೆಟಿನ ಕರಿಬೇವು ಆಗಲೇ ಆಳೆತ್ತರ ಬೆಳೆದಿತ್ತು. ಉಳಿದ ಅರ್ಧ ತುಣುಕನ್ನು ಪುಡಿ ಮಾಡಿ ಅದರ ಬುಡಕ್ಕೆ ಹಾಕಿದಳು, ಬೆರಳಿಂದ ಮಣ್ಣು ಮುಚ್ಚಿದಳು.

"ತಗೋ," ಅಂದಳು. "ಉಟ್ಟು ಹಳೇದ ಮಾಡ್ಕೊಂಡು ಬಂದೇನಿ."